ಜಿ.ಆರ್.ಇ. ಶಬ್ದಖಂಡ ಮೀಮಾಂಸೆ: ಹೊಗೆಸೊಪ್ಪಿನ ಸೀಮೆಯ ಪಾಠಾಂತರಗಳೊಡನೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವುದಕ್ಕೆ ಮುನ್ನ ಅದರ ಅಧಿಕಾರಿ ಯಾರು, ವಿಷಯವೇನು, ಸಂಬಂಧವೆಂತಹುದು, ಪ್ರಯೋಜನವಾವುದು ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂದು ಪೂರ್ವಾಚಾರ್ಯರು ವಿಧಿಸಿರುವುದರಿಂದ, ಅಮೆರಿಕದ ವಿಶ್ವವಿದ್ಯಾಲಯಗಳ ಹೆಬ್ಬಾಗಿಲಲ್ಲಿ ಬಹುಕಾಲದಿಂದ ಕಾವಲು ನಿಂತಿರುವ ಜಿ.ಆರ್.ಇ. ಎಂಬ ಪರೀಕ್ಷೆಯ ಆಂಗ್ಲ ಶಬ್ದಖಂಡವನ್ನು ಕುರಿತ ಈ ಪ್ರಬಂಧದಲ್ಲಿಯೂ ಆ ಸಂಪ್ರದಾಯವನ್ನು ಮೀರುವ ಧೈರ್ಯ ಪ್ರಕೃತ ಲೇಖಕನಿಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಪೈಕಿ ಯಾವುದಾದರೊಂದರಲ್ಲಿ ಹುಟ್ಟಿ, ಮೈಸೂರಿನ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ನಾಲ್ಕು ವರ್ಷ ಕೆಂಪು ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ, ಕೊನೆಯ ವರ್ಷದಲ್ಲಿ ಒಮ್ಮೆ ಕಿಟಕಿಯ ಪಕ್ಕದ ಸೀಟು ದೊರೆತ ಸುಮುಹೂರ್ತದಲ್ಲಿ ಎಂ.ಎಸ್. ಮಾಡಬೇಕೆಂಬ ಸಂಕಲ್ಪವನ್ನು ತಳೆದವನು ಅಥವಾ ತಳೆದವಳು ಇಲ್ಲಿ ಅಧಿಕಾರಿ. ಆ ಅಧಿಕಾರಿಯು ಹಿಂದೆಂದೂ ಕೇಳದ ಮತ್ತು ಮುಂದೆಂದೂ ಆಡಲಾರದ ಶಬ್ದಸಮೂಹವೇ ವಿಷಯ. ಸಂಬಂಧವೆಂಬುದು ಯಾವುದೂ ಇಲ್ಲ. ಪ್ರಯೋಜನವನ್ನು ಅವಕಾಶ ದೊರೆತರೆ ಕಡೆಯಲ್ಲಿ ಹೇಳಲಾಗುವುದು.

ಇಂತಹ ಲೌಕಿಕ ವ್ಯವಹಾರಕ್ಕೂ ಶಾಸ್ತ್ರವೇ ಎಂದು ಮೂಗುಮುರಿಯುವವರು, ಇದೇ ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಅಡುಗೆಯನ್ನೇ ವಸ್ತುವಾಗಿ ಹಿಡಿದು ಸೂಪಶಾಸ್ತ್ರವೆಂಬ ಗ್ರಂಥವನ್ನು ರಚಿಸಿದ್ದಾನೆಂಬುದನ್ನು ಸ್ಮರಿಸಿಕೊಳ್ಳಬೇಕು. ಪಾನಕಕ್ಕೆ ಸಂದ ಮರ್ಯಾದೆಯು ಪದಪಟ್ಟಿಗೆ ಸಲ್ಲಬಾರದೆಂದು ಯಾವ ಶಾಸನದಲ್ಲಿಯೂ ಕೆತ್ತಿಲ್ಲ.

ಪರೀಕ್ಷೆಯ ಇತಿಹಾಸವನ್ನು ಬಹಳವಾಗಿ ಬೆಳೆಸಬೇಕಾದುದಿಲ್ಲ. 1936ರಲ್ಲಿ ಕಾರ್ನೆಗಿ ಪ್ರತಿಷ್ಠಾನವೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ ಎಂಬ ನಾಲ್ಕು ವಿದ್ಯಾಪೀಠಗಳೂ ಕೂಡಿ ಇದನ್ನು ಪ್ರಯೋಗಾರ್ಥವಾಗಿ ಹುಟ್ಟುಹಾಕಿದುವು. 1947ರಲ್ಲಿ ಸ್ಥಾಪಿತವಾದ ಇ.ಟಿ.ಎಸ್. ಎಂಬ ಸಂಸ್ಥೆಯು ಇದರ ಪೋಷಣೆಯ ಭಾರವನ್ನು ಹೊತ್ತಿತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿಯೇ ಜನ್ಮತಾಳಿದ್ದುದರಿಂದ ಈ ಪರೀಕ್ಷೆಗಿಂತ ಇಪ್ಪತ್ತು ವರ್ಷ ಹಿರಿಯದೆಂಬ ಅಂಶವನ್ನು ಅಭಿಮಾನಿಗಳ ತೃಪ್ತಿಗಾಗಿ ಇಲ್ಲಿ ನಮೂದಿಸಿದೆ. ಅದರಿಂದ ಯಾರ ಅಂಕವೂ ಹೆಚ್ಚುವುದಿಲ್ಲ. ಆದರೆ 2011ರ ಆಗಸ್ಟ್ ತಿಂಗಳಲ್ಲಿ ಸಂಭವಿಸಿದ ಒಂದು ದಾರ್ಶನಿಕ ದುರಂತವನ್ನು ಹೇಳದೆ ಮುಂದೆ ಸಾಗುವಂತಿಲ್ಲ. ಅದುವರೆಗೂ ಈ ಖಂಡದಲ್ಲಿ ವಿರುದ್ಧಪದಗಳ ಪ್ರಕರಣವೂ, ಒಂದು ಪದಯುಗ್ಮವನ್ನು ಕೊಟ್ಟು ಅದಕ್ಕೆ ಸದೃಶವಾದ ಮತ್ತೊಂದು ಯುಗ್ಮವನ್ನು ಹುಡುಕೆನ್ನುವ ಉಪಮಾನ ಪ್ರಕರಣವೂ ಇದ್ದುವು. ಅಂದು ಅವೆರಡನ್ನೂ ಕಿತ್ತುಹಾಕಲಾಯಿತು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನಾಲ್ಕು ಪ್ರಮಾಣಗಳನ್ನು ಎಣಿಸಿದ ನ್ಯಾಯಸೂತ್ರಕಾರ ಗೌತಮನ ಪಕ್ಷವನ್ನು ತ್ಯಜಿಸಿ, ಉಪಮಾನಕ್ಕೆ ಪ್ರತ್ಯೇಕ ಪದವಿಯನ್ನೇ ಕೊಡದ ವೈಶೇಷಿಕರ ಪಕ್ಷಕ್ಕೆ ಇ.ಟಿ.ಎಸ್. ಸಂಸ್ಥೆಯು ಅಂದು ವಾಲಿತೆಂದು ಹೇಳದೆ ವಿಧಿಯಿಲ್ಲ. ವಿರುದ್ಧಪದಗಳನ್ನು ವರ್ಷಗಟ್ಟಲೆ ಉರುಹೊಡೆದಿದ್ದ ಅಂದಿನ ಅಭ್ಯರ್ಥಿಗಳ ಗತಿಯೇನಾಯಿತೆಂಬುದು ಕರುಣರಸದ ವಿಷಯವಾದುದರಿಂದ ಈ ಗ್ರಂಥದ ವ್ಯಾಪ್ತಿಗೆ ಸೇರದು.

2023ರ ಸೆಪ್ಟೆಂಬರಿನಿಂದ ಪರೀಕ್ಷೆಯನ್ನು ಮತ್ತಷ್ಟು ಸಂಕ್ಷೇಪಿಸಿದ ಮೇಲೆ ಶಬ್ದಖಂಡದಲ್ಲಿ ಉಳಿದಿರುವುದು ಎರಡು ಭಾಗಗಳು. ಪ್ರಶ್ನೆಗಳು ಇಪ್ಪತ್ತೇಳು, ಕಾಲ ನಲವತ್ತೊಂದು ನಿಮಿಷ. ಹುಣಸೂರಿನಿಂದ ಮೈಸೂರಿಗೆ ಹೊರಟ ಬಸ್ಸು ಇಷ್ಟು ಹೊತ್ತಿಗೆ ಇಲವಾಲದ ಕಡೆಗೆ ಬಂದರೆ ಪುಣ್ಯ. ಇವುಗಳಲ್ಲಿ ವಾಕ್ಯದ ನಡುವೆ ಬಿಟ್ಟ ಸ್ಥಳವನ್ನು ತುಂಬುವುದೆಂಬ ಪ್ರಶ್ನೆಯು ಅಮೆರಿಕದ ಆವಿಷ್ಕಾರವೆಂದು ತಿಳಿಯುವುದು ಅಜ್ಞಾನ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರರಿಂದ ವಾಕ್ಯಾರ್ಥವು ಸಿದ್ಧಿಸುವುದೆಂದೂ, ಇಲ್ಲದ ಪದವನ್ನು ಅಧ್ಯಾಹಾರ ಮಾಡಿಕೊಳ್ಳತಕ್ಕದ್ದೆಂದೂ ನಮ್ಮ ಮೀಮಾಂಸಕರು ಎಂದೋ ಹೇಳಿದ್ದಾರೆ. ವ್ಯತ್ಯಾಸವಿಷ್ಟೇ, ಅವರು ಅಧ್ಯಾಹಾರಕ್ಕೆ ಶುಲ್ಕವನ್ನು ವಸೂಲು ಮಾಡಲಿಲ್ಲ. ಒಂದು ವಾಕ್ಯದಲ್ಲಿ ಮೂರು ಸ್ಥಳಗಳನ್ನು ಬಿಟ್ಟಿದ್ದರೆ ಮೂರನ್ನೂ ಸರಿಯಾಗಿ ತುಂಬಬೇಕು, ಎರಡು ಸರಿಯಾದರೂ ಸೊನ್ನೆ. ಆರು ಪದಗಳಲ್ಲಿ ಸಮಾನಾರ್ಥವನ್ನು ಕೊಡುವ ಎರಡನ್ನು ಆರಿಸುವ ಪ್ರಶ್ನೆಯಲ್ಲಿಯೂ ಇದೇ ನಿಯಮ. ಇನ್ನು, ಮೊದಲ ಭಾಗವನ್ನು ಚೆನ್ನಾಗಿ ನಿರ್ವಹಿಸಿದವನಿಗೆ ಎರಡನೆಯ ಭಾಗದಲ್ಲಿ ಕಠಿಣತರ ಪ್ರಶ್ನೆಗಳನ್ನೇ ಕೊಡಬೇಕೆಂದು ಯಂತ್ರಕ್ಕೆ ಕಲಿಸಿರುವುದರಿಂದ, ಸತ್ಕರ್ಮದ ಫಲವು ಸುಖವೆಂಬ ನಮ್ಮ ಕರ್ಮಸಿದ್ಧಾಂತವು ಮೊದಲ ಭಾಗ ಮುಗಿಯುವಷ್ಟರಲ್ಲಿಯೇ ಖಂಡಿತವಾಗುತ್ತದೆ.

ಈಗ ಆಕರಗ್ರಂಥಗಳ ವಿಚಾರ. ನಾಲ್ಕೂ ತಾಲ್ಲೂಕುಗಳಲ್ಲಿ ಪ್ರಾಮಾಣ್ಯವನ್ನು ಪಡೆದಿರುವುದು ಮೂರು ಸಾವಿರದೈನೂರು ಶಬ್ದಗಳ ಪಟ್ಟಿಯನ್ನೊಳಗೊಂಡ, ಬ್ಯಾರನ್ಸ್ ಪ್ರಕಾಶನದ ಹಳೆಯ ಪುಸ್ತಕ. ಇದರ ಮೂಲಪ್ರತಿಯನ್ನು ಕಂಡವರು ವಿರಳ. ಲೇಖಕನು ಪರಿಶೀಲಿಸಿದ್ದು ಹುಣಸೂರಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಪ್ರತಿಯ ಪ್ರತಿ. ಹಲವೆಡೆ ಅಂಚು ಕತ್ತರಿಸಿಹೋಗಿದೆ, ಒಂದೆಡೆ ನಕಲು ಮಾಡಿದವನ ಹೆಬ್ಬೆರಳೂ ಅಚ್ಚಾಗಿದೆ. ಇದರಲ್ಲಿ ಕನಿಷ್ಠ ಮೂವರು ಟಿಪ್ಪಣಿಕಾರರ ಕೈಬರಹವನ್ನು ಗುರುತಿಸಬಹುದು. ಮೊದಲನೆಯವನದು ಪೆನ್ಸಿಲು, ಎ ಅಕ್ಷರದ ಶಬ್ದಗಳೆಲ್ಲಕ್ಕೂ ಅಡಿಗೆರೆ ಎಳೆದು, ಬಿ ಅಕ್ಷರದ ನಡುವೆ ಬಳಲಿ, ಸಿ ಅಕ್ಷರದ ಎರಡನೆಯ ಪುಟದಲ್ಲಿ ಅಂತರ್ಧಾನನಾಗಿದ್ದಾನೆ. ಎರಡನೆಯವನು ಹಸಿರು ಶಾಯಿಯವನು; ಬೆಲೆಯ ಲೆಕ್ಕವನ್ನೆಲ್ಲ ಭತ್ತದ ಮೂಟೆಗಳಲ್ಲಿ ಹಾಕಿರುವುದರಿಂದ ಕೃಷ್ಣರಾಜನಗರದ ನಾಲೆ ಬಯಲಿನವನೆಂದು ಊಹಿಸಬಹುದು. ಇವನೂ ಎ ಅಕ್ಷರದಿಂದಲೇ ಪ್ರಾರಂಭಿಸಿ ಅಲ್ಲಿಯೇ ನಿಂತಿದ್ದಾನೆ. ಈ ಪ್ರಾಂತದ ಪದವೀಧರರಲ್ಲಿ ಎ ಅಕ್ಷರದಿಂದ ಮೊದಲಾಗುವ ಆಂಗ್ಲಶಬ್ದಗಳ ಪಾಂಡಿತ್ಯವು ಅಸಾಧಾರಣವಾಗಿಯೂ, ಎಂ ಅಕ್ಷರದಿಂದಾಚೆಗಿನದು ಪ್ರಾಕೃತಜನರ ಮಟ್ಟದಲ್ಲಿಯೂ ಇರುವುದಕ್ಕೆ ಇದೇ ಕಾರಣವೆಂದು ತೋರುತ್ತದೆ.

ಮೂರನೆಯ ಟಿಪ್ಪಣಿಕಾರಳು (ಅಕ್ಷರದ ದುಂಡನ್ನು ನೋಡಿ ಸ್ತ್ರೀಯೆಂದು ಊಹಿಸಿದೆ, ಆಕ್ಷೇಪಿಸುವವರು ಆಕ್ಷೇಪಿಸಲಿ) ಇವರಿಬ್ಬರಿಗಿಂತಲೂ ಮೇಧಾವಿನಿ. ನಿಘಂಟುವನ್ನು ತೆರೆದರೆ ಅಲ್ಲಿ ಕೊಟ್ಟಿರುವ ‘ಮಿತಭಾಷಿ’, ‘ಅತಿವ್ಯಯಿ’, ‘ಸಂದಿಗ್ಧಾರ್ಥಕ’ ಮುಂತಾದ ಕನ್ನಡಕ್ಕೆ ಮತ್ತೊಂದು ನಿಘಂಟು ಬೇಕಾಗುವುದೆಂಬುದನ್ನು ಕಂಡುಕೊಂಡು, ಈಕೆ ಆ ಮಾರ್ಗವನ್ನೇ ಬಿಟ್ಟು, ತನ್ನ ಬಂಧುವರ್ಗವನ್ನೇ ಶಬ್ದಕೋಶವಾಗಿ ಮಾಡಿಕೊಂಡಿದ್ದಾಳೆ. ಲಕೊನಿಕ್ ಎಂಬ ಶಬ್ದದ ಎದುರಿಗೆ ‘ನಮ್ಮಪ್ಪ’ ಎಂದಿದೆ. ಗ್ಯಾರುಲಸ್ ಎಂಬುದಕ್ಕೆ ‘ಚಿಕ್ಕವ್ವ’. ಪ್ರಾಡಿಗಲ್ ಎಂಬುದಕ್ಕೆ ‘ದೊಡ್ಡಣ್ಣ, ಹೋದ್ ವರ್ಸ ಸೊಪ್ಪಿನ ದುಡ್ಡು ಬಂದಾಗ’. ಈಕ್ವಿವೊಕಲ್: ‘ಬಸ್ ಎಷ್ಟೊತ್ತಿಗೆ ಅಂದ್ರೆ ಕಂಡಕ್ಟರ್ ಹೇಳೋದು’. ಇನೆಕ್ಸೊರಬಲ್: ‘ಗ್ರೇಡ್ ಹಾಕೋನು’. ಹೀಗೆ ಮುನ್ನೂರಕ್ಕೆ ಮೇಲ್ಪಟ್ಟ ಶಬ್ದಗಳು ಒಂದೇ ಕುಟುಂಬದಲ್ಲಿ ಸಮಾವೇಶಗೊಂಡಿರುವುದನ್ನು ಓದಿದಾಗ, ಆಂಗ್ಲಭಾಷೆಯ ಗುಣವಾಚಕಗಳು ಈ ಮನೆಯವರನ್ನು ಕಂಡೇ ರಚಿತವಾದುವೋ ಎಂಬ ಭ್ರಾಂತಿ ಹುಟ್ಟುತ್ತದೆ. ಪಟ್ಟಿಯನ್ನು ಕಡೆಯವರೆಗೆ ಮುಟ್ಟಿಸಿದವಳು ಇವಳೊಬ್ಬಳೇ. ಜೆಡ್ ಅಕ್ಷರದ ಜೆಲಟ್ ಎಂಬ ಶಬ್ದದ ಎದುರಿಗೆ ‘ನಾನೇ’ ಎಂದು ಬರೆದು ಪೆನ್ನನ್ನು ಕೆಳಗಿಟ್ಟಿದ್ದಾಳೆ.

ಇನ್ನು ಸಾಧನಾಕ್ರಮ. ಈ ಸೀಮೆಯ ಹೊಗೆಸೊಪ್ಪಿನ ರೈತರು ಸೊಪ್ಪನ್ನು ಬೇಯಿಸುವ ಎತ್ತರವಾದ ಮನೆಯನ್ನೂ ಬ್ಯಾರನ್ ಎಂದೇ ಕರೆಯುವುದರಿಂದ, ಎರಡು ಬ್ಯಾರನ್ನುಗಳಿಗೂ ಒಂದೇ ಮೂಲವೆಂದು ವಾದಿಸುವ ಪಂಥವೊಂದು ಪಿರಿಯಾಪಟ್ಟಣದ ಕಡೆ ಇದೆ. ಶಬ್ದಶಾಸ್ತ್ರವು ಅದನ್ನು ಒಪ್ಪುವುದಿಲ್ಲವಾದರೂ ಅನುಭವವು ಒಪ್ಪುತ್ತದೆ. ಮುಂಗಾರಿನ ಮೊದಲ ಮಳೆಗೆ ಸಸಿ ನೆಟ್ಟು, ಆಷಾಢ ಶ್ರಾವಣಗಳಲ್ಲಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಐದಾರು ದಿನ ಹಗಲಿರುಳೂ ಸೌದೆಯ ಬೆಂಕಿಯನ್ನು ಕಾಯಬೇಕು. ಮೊದಲು ಮೂವತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಎಲೆಯನ್ನು ಹಳದಿಗೆ ತಿರುಗಿಸಿ, ಮೆಲ್ಲಮೆಲ್ಲನೆ ಶಾಖವನ್ನೇರಿಸಿ ಬಣ್ಣವನ್ನು ನಿಲ್ಲಿಸಿ, ಕಡೆಗೆ ಎಪ್ಪತ್ತರ ಹತ್ತಿರ ನಡುನರವನ್ನು ಒಣಗಿಸಬೇಕು. ಅವಸರಪಟ್ಟರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ತೂಕಡಿಸಿದರೆ ಕಪ್ಪಾಗುತ್ತದೆ. ಬೆಂಕಿ ಕಾಯುವ ಸರದಿಯು ಮನೆಯಲ್ಲಿ ಓದುವ ಹುಡುಗನಿಗೇ ಬೀಳುವುದು ಲೋಕರೂಢಿಯಾದುದರಿಂದ, ಆತನು ಮಧ್ಯರಾತ್ರಿಯಲ್ಲಿ ಒಂದು ಕಣ್ಣನ್ನು ಥರ್ಮಾಮೀಟರಿನ ಮೇಲೆಯೂ ಮತ್ತೊಂದನ್ನು ಪದಪಟ್ಟಿಯ ಮೇಲೆಯೂ ಇಟ್ಟು ಕುಳಿತಿರುವಾಗ ಶಬ್ದಗಳೂ ಅದೇ ಕ್ರಮದಲ್ಲಿ ಪಕ್ವವಾಗುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಒಟ್ಟಿಗೆ ತುರುಕಿದ ಶಬ್ದವು ಹಸಿರಾಗಿಯೇ ಉಳಿದು ಬಾಯಿಗೆ ಬಾರದೆ ಕೈಕೊಡುತ್ತದೆ. ಮೂರು ವರ್ಷ ಎಳೆದಾಡಿದ ಶಬ್ದವು ಅರ್ಥವನ್ನೇ ಕಳೆದುಕೊಂಡು ಕಪ್ಪಾಗುತ್ತದೆ.

ಹೋಲಿಕೆಯು ಇಲ್ಲಿಗೇ ಮುಗಿಯುವುದಿಲ್ಲವೆಂಬುದೇ ಈ ಪ್ರಬಂಧದ ಸಿದ್ಧಾಂತ. ವರ್ಜೀನಿಯಾ ಎಂಬ ಅಮೆರಿಕದ ಸೀಮೆಯ ಹೆಸರನ್ನೇ ಹೊತ್ತ ಈ ಸೊಪ್ಪನ್ನು ಬೆಳೆದವನು ತಾನು ಸೇದುವುದಿಲ್ಲ. ಅವನ ಕಿಸೆಯಲ್ಲಿರುವುದು ಬೀಡಿ ಅಥವಾ ಎಲೆಅಡಿಕೆ. ಬೇಲು ಕಟ್ಟಿ ಹರಾಜು ಮಾರುಕಟ್ಟೆಗೆ ಹೊತ್ತೊಯ್ದಾಗ ಬ್ರೈಟ್, ಮೀಡಿಯಂ, ಲೋ ಎಂದು ದರ್ಜೆಯನ್ನು ಹೇಳುವವನು ಬೇರೆ, ಬೆಲೆಯನ್ನು ಕಟ್ಟುವವನು ಬೇರೆ, ಕಡೆಗೆ ಅದನ್ನು ಹೊತ್ತಿಸುವವನು ಸಮುದ್ರದಾಚೆ ಎಲ್ಲಿಯೋ ಕುಳಿತಿರುವವನು. ಅದೇ ಮನೆಯ ಮಗನೂ ತಾನಾಗಲಿ ತನ್ನ ನೆರೆಹೊರೆಯಾಗಲಿ ಎಂದೂ ಆಡದ ಶಬ್ದಗಳನ್ನು ನಿದ್ದೆಗೆಟ್ಟು ಹದಮಾಡಿ ಕಂಪ್ಯೂಟರಿನ ಮುಂದೆ ಒಪ್ಪಿಸಿ ಬರುತ್ತಾನೆ. ಅಂಕಗಳು 130ರಿಂದ 170ರವರೆಗೆ. ಉತ್ತರಿಸಿದುದೆಲ್ಲವೂ ತಪ್ಪಾದರೂ 130ಕ್ಕೆ ಕಡಮೆಯಾಗದೆಂಬುದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಆದರೆ ಸರ್ಕಾರಕ್ಕೆ ಭತ್ತ ಹಾಕಿದ ಅನುಭವವುಳ್ಳ ಕೃಷ್ಣರಾಜನಗರದ ತಂದೆಯೊಬ್ಬರು ಮಗನ ಮಾತು ಮುಗಿಯುವುದಕ್ಕೆ ಮುನ್ನವೇ, ‘ಅಂಗಾರೆ ಅದು ಬೆಂಬಲ ಬೆಲೆ ಕಣಪ್ಪ’ ಎಂದು ಸೂತ್ರಪ್ರಾಯವಾಗಿ ನಿರ್ಣಯಿಸಿದರು. ಇದಕ್ಕಿಂತ ಸಮರ್ಪಕವಾದ ಭಾಷ್ಯವು ಇ.ಟಿ.ಎಸ್. ನೆಲಸಿರುವ ನ್ಯೂಜೆರ್ಸಿಯಿಂದಲೂ ಬಂದಿಲ್ಲ. ಒಂದು ಪ್ರಶ್ನೆಯನ್ನೂ ಮುಟ್ಟದೆ ಎದ್ದು ಬಂದವನಿಗೆ ಮಾತ್ರ ಅಂಕವೇ ಇಲ್ಲ. ಯಾರೂ ಬೆಲೆ ಹೇಳದ ಬೇಲನ್ನು ಟ್ರ್ಯಾಕ್ಟರಿಗೆ ಹಿಂದಕ್ಕೆ ತುಂಬಿಕೊಂಡು ಬರುವಂತೆ ಅವನೂ ಊರಿಗೆ ಬರತಕ್ಕದ್ದು.

ಗದ್ಯಭಾಗವನ್ನೋದಿ ಉತ್ತರಿಸುವ ಪ್ರಕರಣವನ್ನು ಕುರಿತು ಹೆಚ್ಚು ಹೇಳಲಾರೆ, ಅದು ಬೇಸರದ ವಿಷಯ. ಗ್ರಂಥಕರ್ತನು ಯಾವುದನ್ನು ಒಪ್ಪಲಾರನೆಂದು ಕೇಳಿ ಐದು ಉತ್ತರಗಳನ್ನು ಮುಂದಿಡುವಲ್ಲಿ, ನಾಲ್ಕು ಉತ್ತರಗಳ ಕೆಲಸ ಅವಧಾನದ ಸಭೆಯಲ್ಲಿ ಅಪ್ರಸ್ತುತ ಪ್ರಸಂಗಿಯು ಮಾಡುವ ಕೆಲಸವೇ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟ್ಟಿನ ಭಿಕ್ಷುಗಳು ವಾದಾಂಗಣದಲ್ಲಿ ನಿಂತು, ಪ್ರತಿವಾದಿಯ ಮುಂದೆ ಒಂದು ಕಾಲನ್ನು ನೆಲಕ್ಕಪ್ಪಳಿಸಿ, ಅಂಗೈಗೆ ಅಂಗೈಯನ್ನು ಫಟ್ಟನೆ ಬಡಿದು ಪ್ರಶ್ನೆಯನ್ನು ಎಸೆಯುವುದನ್ನು ಕಂಡವರಿಗೆ, ತರ್ಕವೆಂದರೆ ಕಿವುಡಾಗುವಷ್ಟು ಸದ್ದುಳ್ಳ ವ್ಯಾಪಾರವೆಂಬ ಅಭಿಪ್ರಾಯ ಮೂಡುತ್ತದೆ. ಅದೇ ತಾಲ್ಲೂಕಿನ ಅಭ್ಯರ್ಥಿಯು ತುಟಿಯನ್ನೂ ಅಲ್ಲಾಡಿಸದೆ ಇಲಿಯೊಂದನ್ನು ಒತ್ತಿ ಪರಮತಖಂಡನೆ ಮಾಡಬೇಕಾಗಿರುವುದು ಭೌಗೋಳಿಕ ಅನ್ಯಾಯ.

2020ರಿಂದ ಈ ಪರೀಕ್ಷೆಯನ್ನು ಮನೆಯಲ್ಲಿಯೇ ಕುಳಿತು ಬರೆಯುವ ಅವಕಾಶವಿದೆ. ಹೆಗ್ಗಡದೇವನಕೋಟೆಯ ಕಡೆಯವರಿಗೆ ಇದೊಂದು ಅನುಗ್ರಹವೆಂದು ಮೊದಲು ಭಾವಿಸಲಾಗಿತ್ತು. ಅದರ ವಿಧಿನಿಷೇಧಗಳಾದರೋ ಯಾವ ಸತ್ರಯಾಗಕ್ಕೂ ಕಡಮೆಯಲ್ಲ: ಕೊಠಡಿಯಲ್ಲಿ ಅಭ್ಯರ್ಥಿಯೊಬ್ಬನೇ ಇರಬೇಕು, ಬಾಗಿಲು ಮುಚ್ಚಿರಬೇಕು, ಮುಚ್ಚಿದ ಬಾಗಿಲು ಕ್ಯಾಮೆರಾಕ್ಕೆ ಕಾಣಬೇಕು, ಕಾಗದದ ಚೂರೂ ಕೂಡದು, ಕಡಲಾಚೆಯ ಅಜ್ಞಾತ ಮೇಲ್ವಿಚಾರಕನು ಕೇಳಿದಾಗ ಗೋಡೆ, ಮೇಜಿನಡಿ ಎಲ್ಲವನ್ನೂ ಸುತ್ತಿಸಿ ತೋರಿಸಬೇಕು, ನಡುವೆ ಯಾರೂ ಒಳಗೆ ಕಾಲಿಡಬಾರದು. ಅಂತರಸಂತೆಯ ಕಡೆಯ ತೊಟ್ಟಿಮನೆಯಲ್ಲಿ ಹಗಲುಹೊತ್ತು ಬಾಗಿಲು ಮುಚ್ಚಿಕೊಂಡು ಕೂರುವುದೆಂದರೆ ಅದಕ್ಕೆ ಕೇರಿಯಲ್ಲಿ ಹತ್ತು ಅರ್ಥಗಳು ಹುಟ್ಟುತ್ತವೆ. ಇಪ್ಪತ್ತೇಳರಲ್ಲಿ ಹತ್ತೊಂಬತ್ತನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಅಜ್ಜಿಯು ಬಾಗಿಲನ್ನು ದಬದಬನೆ ಬಡಿದು, ‘ಯಾಕ್ಲಾ ಮಗ, ಹಗಲೊತ್ತು ಬಾಗ್ಲಾಕ್ಕಂಡು ಕುಂತಿದ್ದೀಯೆ? ಮೈಗೆ ಉಸಾರಿಲ್ವಾ? ಮುದ್ದೆ ಆರೋಯ್ತದೆ, ಬಾ’ ಎಂದು ಕರೆದರೆ, ಆ ವಾಕ್ಯದಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಪರಿಪೂರ್ಣವಾಗಿರುವುದನ್ನು ಮೇಲ್ವಿಚಾರಕನು ಗಣಿಸುವುದಿಲ್ಲ. ಪರೀಕ್ಷೆಯ ದಿನ ಅಜ್ಜಿಯನ್ನು ನಂಟರ ಮನೆಗೆ ಕಳುಹಿಸತಕ್ಕದ್ದೆಂದು ಕೋಟೆ ಸಂಪ್ರದಾಯದವರು ಪ್ರಾಯಶ್ಚಿತ್ತ ಪ್ರಕರಣದಲ್ಲಿ ಸೇರಿಸಿಕೊಂಡಿದ್ದಾರೆ. ಕರೆಂಟಿನ ವಿಷಯದಲ್ಲಿ ಅವರು ಮೌನ ವಹಿಸಿದ್ದಾರೆ.

ಉಳಿದಿರುವುದು ಪ್ರಯೋಜನ. ಸಮುದ್ರೋಲ್ಲಂಘನ ಮಾಡಿ ಹೋದವರನ್ನು ವಿಚಾರಿಸಲಾಗಿ, ಅಲ್ಲಿಯ ಪ್ರಾಧ್ಯಾಪಕರು ಗ್ಯಾರುಲಸ್ ಎಂದಾಗಲಿ ಇನೆಕ್ಸೊರಬಲ್ ಎಂದಾಗಲಿ ನುಡಿದುದನ್ನು ತಾವು ಕೇಳಿಲ್ಲವೆಂದೂ, ‘ಗುಡ್ ಜಾಬ್’ ಎಂಬೆರಡು ಶಬ್ದಗಳಲ್ಲಿಯೇ ಸೆಮಿಸ್ಟರು ಸಾಗುವುದೆಂದೂ ತಿಳಿದುಬಂದಿದೆ. ಪರೀಕ್ಷೆಯ ಅಂಕಗಳಿಗೆ ಐದು ವರ್ಷ ಆಯುಸ್ಸು, ಶಬ್ದಗಳಿಗೆ ಅಷ್ಟಿಲ್ಲ. ಮೇಲಾಗಿ ಈಚಿನ ವರ್ಷಗಳಲ್ಲಿ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳ ಅನೇಕ ವಿಭಾಗಗಳು ಈ ಅಂಕವನ್ನು ಐಚ್ಛಿಕವೆಂದು ಸಾರಿವೆ, ಕೆಲವು ಕಳುಹಿಸಿದರೂ ನೋಡುವುದಿಲ್ಲವೆಂದಿವೆ. ಮತ್ತೆ ಕೆಲವು ಈಗಲೂ ಕೇಳುತ್ತವೆ. ಪರೀಕ್ಷಾಶುಲ್ಕವು ಇಪ್ಪತ್ತು ಸಾವಿರ ರೂಪಾಯಿಗಳನ್ನು ದಾಟಿರುವುದರಿಂದ, ಸೊಪ್ಪಿನ ದುಡ್ಡು ಕೈಗೆ ಬಂದ ಕೂಡಲೇ ಶುಲ್ಕವನ್ನು ಕಟ್ಟಿಬಿಡದೆ, ತಾನು ಸೇರಬೇಕೆಂದಿರುವ ವಿಭಾಗವು ಈ ಅಂಕವನ್ನು ಕೇಳುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ವಿಚಾರಿಸಿ, ಕೇಳುವುದಾದರೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ಆಮೇಲೆ ಪದಪಟ್ಟಿಯನ್ನು ತೆರೆಯಬೇಕೆಂದು ಅಧಿಕಾರಿಗಳಲ್ಲಿ ವಿಜ್ಞಾಪನೆ. ತೆರೆಯುವಾಗ ಸಿ ಅಕ್ಷರದಿಂದಾಚೆಗೆ ತೆರೆಯುವುದು ಉತ್ತಮ.