ಹದಿನಾರು ಕೆ.ಬಿ. ಸಾಹೇಬರಿಗೆ ಆಲೆಮನೆ ಗುಮಾಸ್ತನ ಅರ್ಜಿ

ಶ್ರೀಮಾನ್ ಹೊಸ ಪ್ರೊಸೆಸರ್ ಸಾಹೇಬರ ಸನ್ನಿಧಾನಕ್ಕೆ,

ಪಾಂಡವಪುರ ತಾಲ್ಲೂಕಿನ ಆಲೆಮನೆಯೊಂದರ ಲೆಕ್ಕದ ಗುಮಾಸ್ತ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ನಾವೆಲ್ಲರೂ ಕ್ಷೇಮ, ಕಬ್ಬಿನ ಲೆಕ್ಕದ ಪ್ರೋಗ್ರಾಮ್ ಒಂದನ್ನು ಬಿಟ್ಟು. ಅದು ಹೋದ ಸೋಮವಾರ ಬೆಳಿಗ್ಗೆ ತಮ್ಮ ಪಾದಾರವಿಂದದಲ್ಲಿ ಲೀನವಾಯಿತು.

ನಮ್ಮಲ್ಲಿ ಅಂಗೈ ಅಗಲದ ಒಂದು ಕಂಪ್ಯೂಟರ್ ಇತ್ತು. ಯಾವ ರೈತರ ಕಬ್ಬು ಎಷ್ಟು ಟನ್ನು, ಮುಂಗಡ ಎಷ್ಟು ಹೋಗಿದೆ, ಕಡಿಯುವವರ ಕೂಲಿ ಎಷ್ಟು, ಕೊಪ್ಪರಿಗೆಗೆ ಎಷ್ಟು ಅಚ್ಚು ಇಳಿಯಿತು, ಎಲ್ಲವನ್ನೂ ಒಂಬತ್ತು ವರ್ಷ ಚಕಾರವೆತ್ತದೆ ಬರೆದುಕೊಂಡು ಬಂತು. ಹೊಗೆ ತಡೆದುಕೊಂಡಿತು, ರಚ್ಚಿನ ದೂಳು ತಡೆದುಕೊಂಡಿತು. ಬೆಲ್ಲದ ಅಂಟಿಗೆ ಬಂದ ಇರುವೆಗಳನ್ನು ಮಾತ್ರ ತಡೆಯಲಾಗಲಿಲ್ಲ. ಅವು ಒಳಗೆ ಸಂಸಾರ ಹೂಡಿದ ಮೇಲೆ ಹೊಸದನ್ನು ತಂದೆವು. ಕಂಪನಿಯ ಹೆಸರು ಬೇಡ, ಅವರೂ ನಿಮ್ಮ ಆಳುಗಳೇ. ಹಳೇ ಕಾರ್ಡಿನಿಂದ ಪ್ರೋಗ್ರಾಮನ್ನೂ ಲೆಕ್ಕದ ಫೈಲನ್ನೂ ಎತ್ತಿ ಹೊಸದಕ್ಕೆ ಹಾಕಿದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಗುರುಗುಡುತ್ತ ನಿಂತಿತ್ತು. ಎಂಟರ್ ಒತ್ತಿದೆ. ಪರದೆಯ ಮೇಲೆ ಎರಡೇ ಎರಡು ಪದ ಬಂದವು: ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’.

ಸಾಹೇಬರೇ, ನಾನು ವಾದವನ್ನೇ ಮಾಡಿರಲಿಲ್ಲ. ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಕೂಡ ವಕೀಲರು ಬಾಯಿ ತೆರೆಯುವವರೆಗೆ ಕಾದು ಆಮೇಲೆ ತಳ್ಳಿಹಾಕುತ್ತಾರೆ.

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ತಂಗಿ ಮಗನಿಗೆ ಫೋನ್ ಮಾಡಿದೆ. ಭಾನುವಾರ ಬಂದು ನೋಡಿದ. “ಮಾವ, ಪ್ರೋಗ್ರಾಮ್ ಸರಿಯಾಗೇ ಇದೆ, ಪ್ರೊಸೆಸರ್ರೂ ಸರಿಯಾಗೇ ಇದೆ. ಪೇಜ್ ಸೈಜ್ ಬೇರೆ ಆಗ್ಬಿಟ್ಟಿದೆ ಅಷ್ಟೆ. ಅದಕ್ಕೆ 4 ಕೆ.ಬಿ. ಅಭ್ಯಾಸ, ಇದಕ್ಕೆ 16” ಅಂದ. ಹುಡುಗಿ ಒಳ್ಳೆಯವಳು, ಹುಡುಗನೂ ಒಳ್ಳೆಯವನು, ಜಾತಕ ಮಾತ್ರ ಕೂಡಲಿಲ್ಲ ಅಂದ ಹಾಗೆ.

ಪೇಜ್ ಅಂದರೆ ನಾನು ಪುಸ್ತಕದ ಪುಟ ಅಂದುಕೊಂಡಿದ್ದೆ. ಅದು ಗದ್ದೆಯ ಮಡಿ ಅಂತ ಅರ್ಥವಾಗಿದ್ದು ವಿ.ಸಿ. ನಾಲೆ ಏರಿಯ ಮೇಲೆ. ಮೆಮೊರಿ ಎಂಬ ಬಯಲನ್ನು ತಾವು ಬದು ಹಾಕಿ ಮಡಿ ಮಾಡಿ ಹಂಚುತ್ತೀರಿ. ಅಪ್ಪಣೆಯೆಲ್ಲ ಮಡಿ ಲೆಕ್ಕದಲ್ಲೇ: ಈ ಮಡಿಯನ್ನು ಬರೀ ಓದಬಹುದು, ಈ ಮಡಿಯಲ್ಲಿ ಬರೆಯಬಹುದು, ಈ ಮಡಿಯಲ್ಲಿ ಇರುವುದನ್ನು ನಡೆಸಬಹುದು. ಒಂದೇ ಮಡಿಯ ಅರ್ಧಕ್ಕೆ ಒಂದು ಅಪ್ಪಣೆ, ಉಳಿದರ್ಧಕ್ಕೆ ಇನ್ನೊಂದು ಎಂಬುದು ತಮ್ಮ ಕಾನೂನಿನಲ್ಲಿ ಇಲ್ಲ. 1985ರಲ್ಲಿ ಇಂಟೆಲ್‌ನ 80386 ಬಂದಾಗ ಒಂದು ಮಡಿ ಅಂದರೆ 4096 ಬೈಟ್ ಎಂದಾಯಿತು. ಅದಕ್ಕೆ ಮುಂಚಿನ ವ್ಯಾಕ್ಸ್ ಯಂತ್ರಗಳಲ್ಲಿ 512 ಬೈಟೇ ಇತ್ತು, ಆಮೇಲಿನ ಆಲ್ಫಾದಲ್ಲಿ 8 ಕೆ.ಬಿ. ಇತ್ತು. ಆದರೆ ಅವು ನಮ್ಮಂಥವರ ಮನೆ ಬಾಗಿಲಿಗೆ ಬಂದವಲ್ಲ. ಮೇಜಿನ ಮೇಲೆ ಬಂದು ಕೂತದ್ದು 4096. ಕೂತದ್ದು ಎಷ್ಟು ಭದ್ರವಾಗಿ ಅಂದರೆ, ಅದು ಅಳತೆ ಎಂಬುದನ್ನೇ ಜನ ಮರೆತು ಪ್ರಕೃತಿ ನಿಯಮ ಅಂದುಕೊಂಡರು.

ನಮ್ಮ ಫೈಲಿನ ಕಥೆಯೂ ಅದೇ. ಮೊದಲ 4096 ಬೈಟಿನಲ್ಲಿ ಆಲೆಮನೆಯ ಹೆಸರು, ವಿಳಾಸ, ಸಾಲು. ಅಲ್ಲಿಂದಾಚೆಗೆ ರೈತರ ಖಾತೆ. ಪ್ರೋಗ್ರಾಮ್ ಹೋಗಿ ತಮ್ಮನ್ನು “4096ರಿಂದ ಮುಂದಕ್ಕೆ ತೆಗೆದುಕೊಡಿ ಸ್ವಾಮಿ” ಎಂದು ಕೇಳುತ್ತಿತ್ತು. ಹಳೇ ಲೆಕ್ಕದಲ್ಲಿ ಅಲ್ಲೊಂದು ಬದು ಇತ್ತು. ತಮ್ಮ ಹೊಸ ಲೆಕ್ಕದಲ್ಲಿ ಮೊದಲ ಬದು ಇರುವುದು 16384ರಲ್ಲಿ. 4096 ಎಂಬುದು ಮಡಿಯ ಒಳಗೆ, ಕೆಸರಿನಲ್ಲಿ ಎಲ್ಲೋ. ತೂಬು ಬದುವಿನಲ್ಲಿ ಇರುತ್ತದೆಯೇ ಹೊರತು ಪೈರಿನ ನಡುವೆ ಇರುವುದಿಲ್ಲ ಎಂದು ತಾವು ಅರ್ಜಿ ಎಸೆದಿರಿ. ನ್ಯಾಯ ತಮ್ಮದೇ. ಆದರೆ “ಬದು ಜರುಗಿದೆ ಕಣಪ್ಪ” ಎಂದು ಒಂದು ಮಾತು ಹೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ಈ ಸಂಗತಿಯನ್ನು ನಮ್ಮ ನೀರುಗಂಟಿಯ ಮುಂದಿಟ್ಟೆ. ನಾಲೆಯ ಕೊನೇ ಭಾಗಕ್ಕೆ ನೀರು ಬಿಡುವವನು. ಅಳತೆ, ಹಂಚಿಕೆ, ಬೈಗುಳ ಮೂರರಲ್ಲೂ ಅನುಭವಸ್ಥ. “ಅಲ್ಲ ಸಾ, ನಾಕು ಮಡಿ ಒಡ್ದು ಒಂದು ಮಾಡುದ್ರೆ, ಒಂದ್ರಲ್ಲಿ ಭತ್ತ, ಒಂದ್ರಲ್ಲಿ ಹುರುಳಿ ಇದ್ದೋನು ಏನ್ ಮಾಡ್ಬೇಕು? ಭತ್ತಕ್ ನೀರ್ ಬುಟ್ರೆ ಹುರುಳಿ ಕೊಳ್ತೋಯ್ತದೆ, ಬುಡ್ದಿದ್ರೆ ಭತ್ತ ಒಣಗೋಯ್ತದೆ” ಅಂದ. ಹಳೇ ಆ್ಯಪ್‌ಗಳ ಒಳಗಿನ ಲೈಬ್ರರಿಗಳು ಹೊಸ ಫೋನಿನಲ್ಲಿ ಎಡವುವುದು ಇದೇ ಕಾರಣಕ್ಕೆ ಎಂದು ತಂಗಿ ಮಗ ತಲೆ ಆಡಿಸಿದ. ನಡೆಸುವ ಭಾಗವೂ ಬರೆಯುವ ಭಾಗವೂ 4 ಕೆ.ಬಿ. ಗಡಿಯಲ್ಲಿ ಬೇರೆಬೇರೆ ಮಡಿಗಳಲ್ಲಿ ಕೂತಿದ್ದವು. 16ರಲ್ಲಿ ಎರಡೂ ಒಂದೇ ಮಡಿಗೆ ಬೀಳುತ್ತವೆ.

ಹಾಗಾದರೆ ತಾವು ಮಡಿ ದೊಡ್ಡದು ಮಾಡಿದ್ದು ಯಾಕೆ? ಅದಕ್ಕೂ ನೀರುಗಂಟಿಯ ತಲೆಯೇ ಸಾಕ್ಷಿ. ಯಾವ ಮಡಿ ಯಾರದು ಎಂಬುದು ಪೂರ್ತಿ ಇರುವುದು ದಪ್ಪ ಪುಸ್ತಕದಲ್ಲಿ. ಪ್ರತಿ ಸಲ ಅದನ್ನು ತೆರೆದರೆ ಹೊತ್ತು ಮುಳುಗುತ್ತದೆ. ಅದಕ್ಕೇ ಒಂದಷ್ಟು ಮಡಿಗಳ ಲೆಕ್ಕ ಅವನಿಗೆ ಬಾಯಿಪಾಠ. ತಮ್ಮೊಳಗೂ ಅಂಥ ಬಾಯಿಪಾಠದ ಪಟ್ಟಿ ಒಂದಿದೆ, ಟಿ.ಎಲ್.ಬಿ. ಎನ್ನುತ್ತಾರಂತೆ. ಪಟ್ಟಿ ಚಿಕ್ಕದು, ಬಯಲು ದೊಡ್ಡದು. 4 ಜಿ.ಬಿ. ಮೆಮೊರಿಯನ್ನು 4 ಕೆ.ಬಿ.ಯಂತೆ ಕಡಿದರೆ 10,48,576 ಮಡಿ; 16ರಂತೆ ಕಡಿದರೆ 2,62,144. ಅಷ್ಟೇ ಹೆಸರು ನೆನಪಿಟ್ಟುಕೊಂಡು ನಾಲ್ಕು ಪಟ್ಟು ನೆಲ ಕಾಯಬಹುದು. ಜಾಣತನವೇ, ಒಪ್ಪಿದೆ. ಒಂದು ಅಚ್ಚು ಬೆಲ್ಲ ಕೇಳಿದವನಿಗೂ ಬಕೆಟ್ ಬೆಲ್ಲವನ್ನೇ ಕಟ್ಟಿಕೊಡಬೇಕಾಗುತ್ತದೆ, ಸ್ವಲ್ಪ ಮೆಮೊರಿ ಪೋಲಾಗುತ್ತದೆ ಎಂಬುದನ್ನು ಮಾತ್ರ ತಮ್ಮ ಭಟ್ಟಂಗಿಗಳು ಸಣ್ಣ ದನಿಯಲ್ಲಿ ಹೇಳುತ್ತಾರೆ.

ದೊಡ್ಡ ದನಿಯಲ್ಲಿ ಹೇಳುವುದು ಬೇರೆ. 2024ರಲ್ಲಿ ಆಂಡ್ರಾಯ್ಡ್ 15ರ ಜೊತೆ 16 ಕೆ.ಬಿ.ಗೆ ದಾರಿ ಬಿಟ್ಟ ಗೂಗಲ್‌ನವರು, ಮೆಮೊರಿ ಇಕ್ಕಟ್ಟಿನಲ್ಲಿ ಆ್ಯಪ್ ತೆರೆಯುವ ಸಮಯ ಸರಾಸರಿ ಶೇ. 3.16 ಇಳಿಯಿತು, ಫೋನು ಸುಮಾರು 950 ಮಿಲಿಸೆಕೆಂಡ್ ಬೇಗ ಎದ್ದಿತು ಎಂದು ಲೆಕ್ಕ ಕೊಟ್ಟರು. ಆಂಡ್ರಾಯ್ಡ್ 15 ಮತ್ತು ಮುಂದಿನದಕ್ಕೆಂದು ಪ್ಲೇ ಸ್ಟೋರಿಗೆ ತರುವ ಹೊಸ ಆ್ಯಪು, ಹೊಸ ಆವೃತ್ತಿಗಳು 2025ರ ನವೆಂಬರ್ 1ರಿಂದ 16ಕ್ಕೂ ಹೊಂದಲೇಬೇಕು ಎಂದು ಡಂಗುರವನ್ನೂ ಸಾರಿದರು. 950 ಮಿಲಿಸೆಕೆಂಡ್ ಉಳಿದದ್ದು ಸಂತೋಷ. ನಮ್ಮ ಟ್ರ್ಯಾಕ್ಟರ್ ಆ ಸೋಮವಾರ ಮೂರೂವರೆ ಗಂಟೆ ನಿಂತಿತ್ತು. ಉಳಿತಾಯದಲ್ಲಿ ಅದನ್ನು ಎಲ್ಲಿ ಕಳೆಯಬೇಕೋ ತಿಳಿಸಬೇಕು.

ತಮ್ಮ ಕುಲದಲ್ಲೇ ಮರ್ಯಾದಸ್ಥರೂ ಇದ್ದಾರೆ. 2020ರಲ್ಲಿ ಆಪಲ್‌ನವರ ಎಂ1 ಬಂದಾಗ ಅದರ ಮಾಮೂಲು ಅಳತೆ 16. ಆದರೂ ಹಳೇ ಇಂಟೆಲ್ ಪ್ರೋಗ್ರಾಮ್ ಬಾಗಿಲಿಗೆ ಬಂದರೆ ರೊಸೆಟ್ಟಾ ಎಂಬ ದುಭಾಷಿ ಅದಕ್ಕೆ 4ರ ಎಲೆಯನ್ನೇ ಹಾಕಿ ಬಡಿಸುತ್ತಾನೆ. ಪಂಕ್ತಿಭೇದ ಪಾಪವಾದರೂ ನೆಂಟ ಉಪವಾಸ ಹೋಗಲಿಲ್ಲ. ಲಿನಕ್ಸ್ ಮನೆಯಲ್ಲಿ ಮಾತ್ರ ಕರ್ನಲ್ ಎಂಬ ಯಜಮಾನ ಒಂದು ಸಲ ಎದ್ದರೆ ಎಲ್ಲರಿಗೂ ಒಂದೇ ಅಳತೆ. ಅಲ್ಲಿ ರೆಡ್ ಹ್ಯಾಟ್‌ನವರು ಆರ್ಮ್ ಯಂತ್ರಗಳಿಗೆ 8ನೇ ಆವೃತ್ತಿಯಲ್ಲಿ 64 ಕೆ.ಬಿ. ಎಂದು ಎದೆಯುಬ್ಬಿಸಿ, 9ರಲ್ಲಿ ಮೆಲ್ಲಗೆ 4ಕ್ಕೇ ಮರಳಿದರು, 64 ಬೇಕಾದವರಿಗೆ ಬೇರೆ ಕೊಡುತ್ತೇವೆ ಎಂದು.

ನಮ್ಮೂರಿನ ವಿಷಯ ಒಂದು ಹೇಳುತ್ತೇನೆ. ಇದು ಹಿರೋಡೆ ಆಗಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರೆಂದು ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಯಿತು. ಆಮೇಲೆ ಪಾಂಡವಪುರ. ನಮ್ಮ ತಾತ ಕೊನೆಯವರೆಗೂ ಹಿರೋಡೆ ಎಂದೇ ಕಾಗದ ಬರೆಸುತ್ತಿದ್ದರು, ಫ್ರೆಂಚ್ ರಾಕ್ಸ್ ಎಂದು ಬರೆಯುವ ನೆಂಟರೂ ಇದ್ದರು. ಎಲ್ಲವೂ ಮನೆಗೆ ಬಂದು ಬೀಳುತ್ತಿದ್ದವು. ಅಂಚೆಯವನು ಯಾರಿಗೂ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದು ಚೀಟಿ ಅಂಟಿಸಲಿಲ್ಲ.

ಸದ್ಯಕ್ಕೆ ಹುಡುಗ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ತಿದ್ದಿ ತಮ್ಮನ್ನು 4 ಕೆ.ಬಿ. ಕರ್ನಲ್‌ಗೆ ಇಳಿಸಿದ್ದಾನೆ. ಪ್ರೋಗ್ರಾಮ್ ಎದ್ದಿತು, ಲೆಕ್ಕ ನಡೆಯುತ್ತಿದೆ. ತಮಗೆ ಅವಮಾನವಾಗಿದ್ದರೆ ಕ್ಷಮೆ ಇರಲಿ. ಹೊರಡುವ ಮುಂಚೆ ಅವನು ಗೊಣಗಿದ: “ಬರೆದೋನಿಗೆ ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ ಮಾವ? ಪೇಜ್ ಸೈಜ್ ಎಷ್ಟು ಅಂತ ಸಿಸ್ಟಮ್ಮನ್ನೇ ಒಂದ್ ಮಾತು ಕೇಳಿದ್ರೆ ಅದೇ ಹೇಳ್ತಿತ್ತು. ಎಲ್ಲಾ ಕಡೆ 4096 ಅಂತ ಕೆತ್ತಿಟ್ಟಿದಾನೆ.” ನಾನು “ಹೌದಪ್ಪ, ಈಗಿನವರಿಗೆ ಶ್ರದ್ಧೆಯೇ ಇಲ್ಲ” ಅಂದು ಕಾಫಿ ತರಲು ಒಳಗೆ ಹೋದೆ.

ಗಾಡಿ ಬಂತು, ತೂಕ ಹಿಡಿಯಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ಇತಿ ತಮ್ಮ ವಿಧೇಯ,
ಲೆಕ್ಕದ ಗುಮಾಸ್ತ

ತಾ.ಕ.: ಈ ಪತ್ರ ದಯವಿಟ್ಟು ಹುಡುಗನ ಕಣ್ಣಿಗೆ ಬೀಳದಿರಲಿ. ಹಳೇ ಪೆನ್ ಡ್ರೈವಿನಲ್ಲಿ ಪ್ರೋಗ್ರಾಮಿನ ಸೋರ್ಸ್ ಸಿಕ್ಕಿದೆ. ಮೊದಲ ಸಾಲಿನಲ್ಲಿ ನನ್ನ ಹೆಸರು. ಎರಡನೇ ಸಾಲಿನಲ್ಲಿ 4096, ಪಕ್ಕದಲ್ಲಿ ನನ್ನದೇ ಟಿಪ್ಪಣಿ: ‘ಇದು ಎಂದೂ ಬದಲಾಗುವುದಿಲ್ಲ’.