ಕಟಕಟ ಮೀಮಾಂಸೆ

ಪ್ರಸ್ತಾವನೆ

ಶಬ್ದವೆಂಬುದೊಂದು ದ್ರವ್ಯ, ಅದರ ಬಣ್ಣ ಬಿಳುಪು, ಹೊಕ್ಕುಳ ಬುಡದಲ್ಲಿ ಗಾಳಿಯ ನೆರವಿನಿಂದ ಅದು ಕಹಳೆಯಂತೆ ಹುಟ್ಟುತ್ತದೆ ಎಂದು 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ತೀರ್ಮಾನ ಕೊಟ್ಟಿದ್ದಾನೆ. ಕಹಳೆ ಬಂಡೆಯ ಮಗ್ಗುಲಲ್ಲೇ ಬಾಳುವ ಬಸವನಗುಡಿಯವರಿಗೆ ಇದರಲ್ಲಿ ತಕರಾರಿಲ್ಲ. ಆದರೆ ಬಾನೆಟ್ಟಿನ ಬುಡದಲ್ಲಿ ಹುಟ್ಟುವ ಶಬ್ದಕ್ಕೆ ಆತ ಸೂತ್ರ ಬರೆಯಲಿಲ್ಲ. ಬಣ್ಣದ ವಿಚಾರದಲ್ಲಂತೂ ಮೆಕ್ಯಾನಿಕ್ಕರ ಪಾಠಾಂತರವೇ ಬೇರೆ: ಸೈಲೆನ್ಸರಿನಿಂದ ಬಿಡದೆ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಕಾರ್ಬ್ಯುರೇಟರ್ ಮದುವೆಮನೆ ಧಾರಾಳದಲ್ಲಿ ಪೆಟ್ರೋಲ್ ಬಡಿಸುತ್ತಿದೆ. ವ್ಯಾಕರಣಕ್ಕೂ ಗ್ಯಾರೇಜಿಗೂ ನಡುವಿನ ಈ ಕಂದಕವನ್ನು ಮುಚ್ಚುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ವಿಷಯ

ಸಂಶೋಧನೆಗೆ ಆರಿಸಿಕೊಂಡ ಆಕರ, ಈ ಲೇಖಕನ 1986ರ ಪ್ರೀಮಿಯರ್ ಪದ್ಮಿನಿ. ನಾಲ್ಕು ಸಿಲಿಂಡರ್, 1089 ಸಿ.ಸಿ., ಜನ್ಮಸ್ಥಳ ಮುಂಬೈಯ ಕುರ್ಲಾ. ಹೆಸರು ಪದ್ಮಿನಿಯೇ ಆದರೂ ಗಾಂಧಿಬಜಾರಿನಲ್ಲಿ ಅದು ಇವತ್ತಿಗೂ ಫಿಯಟ್ಟೇ. ಕಾರ್ತಿಕದ ಕೊನೆಯ ಸೋಮವಾರ ಕಳೆದು, ಕಡಲೆಕಾಯಿ ಪರಿಷೆಯ ಗದ್ದಲ ತಣ್ಣಗಾದ ವಾರದಲ್ಲಿ, ಸ್ಟಾರ್ಟ್ ಮಾಡಿ ಹಾಗೇ ಬಿಟ್ಟಾಗ ‘ಕಟಕಟ’ ಎಂಬ ಅನುಕರಣಾವ್ಯಯವೊಂದು ಕೇಳಿಬಂತು. ಆಕ್ಸಿಲರೇಟರ್ ಒತ್ತಿದರೆ ಅಡಗುತ್ತಿತ್ತು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಆರೂ ಪ್ರಮಾಣಗಳಿಂದ ಇದನ್ನು ಪರೀಕ್ಷಿಸಲಾಯಿತು.

1. ಪ್ರತ್ಯಕ್ಷ

1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಸ್ಟೆತೊಸ್ಕೋಪ್ ಹುಟ್ಟಿದ್ದು ಹಾಗೆ. ನಮ್ಮ ಸಂಪ್ರದಾಯದಲ್ಲಿ ಆ ಸ್ಥಾನ ಉದ್ದನೆಯ ಸ್ಕ್ರೂಡ್ರೈವರಿಗೆ ಸಲ್ಲುತ್ತದೆ: ತುದಿ ಎಂಜಿನ್ನಿಗೆ, ಹಿಡಿ ಕಿವಿಯ ಪಕ್ಕದ ಮೂಳೆಗೆ. ಆಯಿಲ್ ಸಂಪಿನ ಹತ್ತಿರ ಸದ್ದು ಕ್ಷೀಣ, ಮೇಲೆ ಟ್ಯಾಪೆಟ್ ಕವರಿನ ಬಳಿ ಸ್ಪಷ್ಟ. ಹೆಚ್ಚಿನ ಆಲಿಕೆಗಾಗಿ ಬಗ್ಗಿದಾಗ ಫ್ಯಾನು ಸಂಶೋಧಕನ ಶಲ್ಯದ ಅಂಚನ್ನು ಸ್ವೀಕರಿಸಿತು.

2. ಅನುಮಾನ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಲೇಬೇಕು, ಅಡುಗೆಮನೆಯಲ್ಲಿ ಕಂಡಂತೆ. ಹಾಗೆಯೇ ಎಲ್ಲಿ ಕಟಕಟವೋ ಅಲ್ಲಿ ಟ್ಯಾಪೆಟ್, ಎದುರುಮನೆಯ ಅಂಬಾಸಿಡರಿನಂತೆ. ಬಿಗ್ ಎಂಡ್ ಬೇರಿಂಗ್ ಇರಬಹುದೆಂಬ ಪೂರ್ವಪಕ್ಷವನ್ನು, ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಖಂಡಿಸಲಾಯಿತು: ಬೇರಿಂಗ್ ಹೋಗಿದ್ದರೆ ಆ ಸಿಲಿಂಡರಿನ ವೈರು ಕಿತ್ತಾಗ ಬಡಿತ ಮೆತ್ತಗಾಗಬೇಕು, ಆಗಲಿಲ್ಲ.

ಮಹಡಿ ಮನೆಯ ಮೃದಂಗದ ವಿದ್ವಾಂಸರು ಮಾತ್ರ ಒಂದು ಆಕ್ಷೇಪ ಎತ್ತಿದರು. ಕೋಟೆ ಹೈಸ್ಕೂಲಿನ ಮೈದಾನದ ರಾಮನವಮಿ ಕಚೇರಿಗಳನ್ನು ತಪ್ಪಿಸದವರು. ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಶಾಫ್ಟ್ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 800 ಸುತ್ತಿದರೆ ಒಂದೊಂದು ವಾಲ್ವೂ 400 ಸಲ ತೆರೆಯುತ್ತದೆ ಎಂದು ನಾನು ವಿವರಿಸಿದೆ. ಅವರು ತೊಡೆಯ ಮೇಲೆ ತಾಳ ಹಾಕುತ್ತ ಕೇಳಿ, “ಟ್ಯಾಪೆಟ್ಟಾದ್ರೆ ಲೆಕ್ಕಕ್ಕೆ ಸಿಗಬೇಕಲ್ಲ ಸಾರ್. ಇದಕ್ಕೆ ತಾಳವೇ ಇಲ್ಲ” ಅಂದರು. ಸಂಗೀತಗಾರರ ಸಾಕ್ಷ್ಯವನ್ನು ಯಂತ್ರಶಾಸ್ತ್ರದಲ್ಲಿ ಪರಿಗಣಿಸುವ ವಾಡಿಕೆಯಿಲ್ಲ.

3. ಉಪಮಾನ

ಪಕ್ಕದ ಮನೆಯ ಅಜ್ಜಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಪರಿಷೆಯ ಕಡಲೆಕಾಯಿ ಹಸನು ಮಾಡುತ್ತಿದ್ದರು. “ಒಣಗಿದ ಕಾಯಿ ಅಲ್ಲಾಡಿಸಿದ ಹಾಗಿದೆ ಕಣೋ” ಅಂದರು. ಉಪಮಾನ ಪ್ರಮಾಣಗಳಲ್ಲೆಲ್ಲ ದುರ್ಬಲವೆಂದು ಬಗೆದು ಇದನ್ನು ಅಡಿಟಿಪ್ಪಣಿಗೂ ಸೇರಿಸಲಿಲ್ಲ.

4. ಶಬ್ದ

ಎಂದರೆ ಆಪ್ತವಾಕ್ಯ. ಈ ಪೇಟೆಯಲ್ಲಿ ಆಪ್ತರಿಗೆ ಬರವಿಲ್ಲ. ಬಾನೆಟ್ ಎತ್ತಿದರೆ ಸಾಕು. ನಿವೃತ್ತ ಎಂಜಿನಿಯರೊಬ್ಬರು ಕಲಬೆರಕೆ ಪೆಟ್ರೋಲ್ ಎಂದರು. ವಾಕಿಂಗ್ ಹೊರಟಿದ್ದ ಇನ್ನೊಬ್ಬರು ಟೈಮಿಂಗ್ ಚೈನ್ ಎಂದು ಹೇಳಿ ವಾಪಸು ಬರುವಾಗ ವಾಟರ್ ಪಂಪ್ ಎಂದು ತಿದ್ದಿಕೊಂಡರು. ಮಲ್ಲೇಶ್ವರದ ಷಡ್ಡಕ ಫೋನಿನಲ್ಲೇ ಆಲಿಸಿ, ಅವರ ಕಡೆ ಇಂಥ ಸದ್ದೇ ಬರುವುದಿಲ್ಲ ಎಂದ. ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ, ಸದ್ದು ಕೇಳುವ ಮೊದಲೇ “ಎಂಜಿನ್ ಇಳಿಸಿಬಿಡಿ” ಎಂಬ ಅಪೌರುಷೇಯ ವಾಕ್ಯ ಹೊರಟಿತು.

5. ಅರ್ಥಾಪತ್ತಿ

ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ಅವನು ರಾತ್ರಿ ಉಣ್ಣುತ್ತಿರಬೇಕು ಎಂಬುದು ಇದರ ಪ್ರಸಿದ್ಧ ಉದಾಹರಣೆ. ನಮ್ಮ ಕಾರು ಹಗಲಿಡೀ ಷೆಡ್ಡು ಬಿಟ್ಟು ಕದಲದಿದ್ದರೂ ಕಟಕಟ ದಿನದಿನಕ್ಕೆ ಪುಷ್ಟವಾಗುತ್ತಿತ್ತು. ಆದ್ದರಿಂದ ರಾತ್ರಿ ಏನೋ ನಡೆಯುತ್ತಿರಬೇಕು. ಈ ನಿಗಮನ ವಿದ್ವತ್ತಿಗೆ ಶೋಭಿಸುವಂಥದಲ್ಲವೆಂದು ಕೈಬಿಡಲಾಯಿತು.

6. ಅನುಪಲಬ್ಧಿ

ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ಮೆಕ್ಯಾನಿಕ್ಕನ ಮುಂದೆ ನಿಲ್ಲಿಸಿದ ಕೂಡಲೇ ಸದ್ದು ನಿಲ್ಲುವುದೂ ಅದೇ. ಹನುಮಂತನಗರದ ಇಳಿಜಾರಿನಲ್ಲಿರುವ ಗ್ಯಾರೇಜಿನ ಮುಂದೆ ಮೂತಿ ತಗ್ಗಿಸಿ ನಿಂತ ಫಿಯಟ್ಟು ಹಾಲು ಕುಡಿದ ಮಗುವಿನಂತೆ ಸುಮ್ಮನಾಯಿತು. “ಸದ್ದು ಎಲ್ಲಿ ಸಾರ್?” ಅಂದ ಭಾಯಿ. ಐದು ಪ್ರಮಾಣಗಳ ಸಾರವನ್ನು ಅವನ ಮುಂದೆ ಮಂಡಿಸಿದೆ. ಅವನು ಬೀಡಿ ಆರಿಸಿ ಫೀಲರ್ ಗೇಜ್ ತಂದ.

ಸಿದ್ಧಾಂತ

ಟ್ಯಾಪೆಟ್ ನೋಡಬೇಕಾದರೆ ಅದರ ಕವರ್ ಬಿಚ್ಚಬೇಕು. ಕವರಿಗೆ ಕೈ ಹೋಗಬೇಕಾದರೆ ಮೇಲಿನ ಏರ್ ಫಿಲ್ಟರ್ ಡಬ್ಬಿ ತೆಗೆಯಬೇಕು. ತೆಗೆದು ನೆಲಕ್ಕಿಡುವಾಗ ಡಬ್ಬಿ ತಾನೇ ‘ಕಟಕಟ’ ಎಂದಿತು. ಮುಚ್ಚಳ ಎತ್ತಿದರೆ ಕಡಲೆಕಾಯಿ. ಎಣಿಸಿದಾಗ 41, ಜೊತೆಗೆ ಒಂದಷ್ಟು ಸಿಪ್ಪೆ. ಗಾಳಿ ಎಳೆಯುವ ಮೂತಿಯಿಂದ ಇಲಿಯೊಂದು ರಾತ್ರಿಯೆಲ್ಲ ದಾಸ್ತಾನು ಮಾಡಿತ್ತು. ಎಂಜಿನ್ ಮೆಲ್ಲಗೆ ತಿರುಗುವಾಗ ಹೆಚ್ಚು ನಡುಗುತ್ತದೆ, ಕಾಯಿ ಕುಣಿಯುತ್ತವೆ. ವೇಗ ಹೆಚ್ಚಿದರೆ ಅದರ ಆರ್ಭಟದಲ್ಲಿ ಕಾಯಿ ಸದ್ದು ಮುಳುಗುತ್ತದೆ. ಇಳಿಜಾರಿನಲ್ಲಿ ಎಲ್ಲ ಒಂದು ಮೂಲೆಗೆ ಸೇರಿ ತೆಪ್ಪಗಿರುತ್ತವೆ. ಕಡಲೆಕಾಯಿಗೆ ಎಲ್ಲಿಯ ತಾಳ!

“ಟ್ಯಾಪೆಟ್ ಚೆನ್ನಾಗೇ ಇದೆ ಸಾರ್,” ಎಂದ ಭಾಯಿ, ಒಂದು ಕಾಯಿ ಸುಲಿಯುತ್ತ.

ಪರಿಷೆಯ ಐತಿಹ್ಯದಲ್ಲಿ ರೈತರ ಕಡಲೆಕಾಯಿ ಮೇಯ್ದದ್ದು ಶಿವನ ವಾಹನ. ಬಸವನ ಪಕ್ಕದಲ್ಲೇ ಇರುವ ದೊಡ್ಡಗಣಪತಿಯ ವಾಹನಕ್ಕೂ ಪಾಲು ಬೇಡವೇ? ಅದು ತನ್ನ ಪಾಲನ್ನು ನನ್ನ ವಾಹನದಲ್ಲಿಟ್ಟಿತ್ತು, ಅಷ್ಟೆ.

ಸಂಜೆ ಅಜ್ಜಿಗೆ ಸಂಶೋಧನೆಯ ಫಲಿತಾಂಶವನ್ನು ಸವಿಸ್ತಾರವಾಗಿ ವರದಿ ಮಾಡಿದೆ. ಅವರು ತಲೆ ಎತ್ತದೆ, ಮೊರದಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, “ಅದನ್ನೇ ಅಲ್ವೇನೋ ನಾನು ಹೇಳಿದ್ದು?” ಅಂದರು.