ಚರವಾಣಿ ಸ್ಥಳನಿರ್ಣಯ ಮೀಮಾಂಸೆ

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಹಿರಿದೆಂದು ತಾರ್ಕಿಕರ ಮತ. ಮೊಬೈಲಿಗೆ ಆ ಭಾಗ್ಯವಿಲ್ಲ. ಕ್ಯಾಮೆರಾ ಇದೆಯಲ್ಲ ಎಂಬ ಪೂರ್ವಪಕ್ಷಿಗಳು ತಮ್ಮ ಸೆಲ್ಫಿಗಳನ್ನೊಮ್ಮೆ ಪರಾಂಬರಿಸತಕ್ಕದ್ದು. ಆದಕಾರಣ ಅದಕ್ಕೆ ಅನುಮಾನವೇ ಗತಿ: ಈ ಟವರು ಅರಕಲಗೂಡಿನದು, ಆದ್ದರಿಂದ ಈ ಆಸಾಮಿಯೂ ಅರಕಲಗೂಡಿನಲ್ಲೇ ಇದ್ದಾನೆ. ಟವರು ವಿರಳವಾದ ಹೊಲದ ಬಯಲಲ್ಲಿ ಈ ತರ್ಕ ಕಿಲೋಮೀಟರುಗಟ್ಟಲೆ ಎಡವುತ್ತದೆ. ಪೇಟೆಯೊಳಗೆ ಅಂಗಡಿಗಳ ವೈಫೈ ಆಪ್ತವಾಕ್ಯವಾಗಿ ಒದಗುವುದುಂಟು. ಪಾಸ್‌ವರ್ಡ್ ಕೊಡದ ನೆರೆಯವನೂ ವಿಳಾಸ ಕೊಡುತ್ತಾನೆ.

ಇನ್ನು ಉಪಗ್ರಹ. ಅದು ನಮ್ಮನ್ನು ನೋಡುತ್ತಿದೆ ಎಂಬ ಭಕ್ತರ ನಂಬಿಕೆ ನಿರಾಧಾರ. ಅದಕ್ಕೆ ನಮ್ಮ ಗೊಡವೆಯೇ ಇಲ್ಲ. ಸುಮಾರು 20,200 ಕಿ.ಮೀ. ಎತ್ತರದಿಂದ ಜಿಪಿಎಸ್ ಉಪಗ್ರಹವು ತಾನೆಲ್ಲಿದ್ದೇನೆ, ಈಗೆಷ್ಟು ಹೊತ್ತು ಎಂದಷ್ಟೇ ಗಿಣಿಪಾಠ ಒಪ್ಪಿಸುತ್ತಿರುತ್ತದೆ. ಆ ಮಾತು ಬರಲು ಹಿಡಿದ ಹೊತ್ತಿನಿಂದ ಫೋನು ದೂರ ಕಟ್ಟುತ್ತದೆ. ಮೂರು ಉಪಗ್ರಹ ಸಾಲದೇ? ಸಾಲದು. ನಾಲ್ಕನೆಯದು ಫೋನಿನ ಅಗ್ಗದ ಗಡಿಯಾರದ ಸುಳ್ಳು ಹಿಡಿಯಲು ಬೇಕು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ 300 ಮೀಟರ್ ತಪ್ಪಿತು: ಹೊಳೆನರಸೀಪುರದಲ್ಲಿ ಹೇಮಾವತಿಯ ಈ ದಡದವನು ಈಜದೆ ಆ ದಡ ಸೇರಿಯಾನು.

ಉಪಗ್ರಹಕ್ಕಾದರೂ ತಾನೆಲ್ಲಿದ್ದೇನೆಂದು ಹೇಳಿದವರಾರು? ನೆಲದವರೇ. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿದ ನಮ್ಮ ನಾವಿಕ್ ವ್ಯವಸ್ಥೆಯ ಲೆಕ್ಕ ಬ್ಯಾಲಾಳಿನಲ್ಲಿ, ಕಡಿವಾಣ ಹಾಸನದಲ್ಲಿ. ಸಾಲಗಾಮೆ ರಸ್ತೆಯ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರಕ್ಕೆ 1982ರಿಂದಲೂ ಇದೇ ಕಸುಬು. ಹೀಗೆ ಉಪಗ್ರಹವನ್ನು ಹಾಸನ ಕಾಯಬೇಕು, ಹಾಸನದವನಿಗೆ ಅವನಿರುವ ಜಾಗವನ್ನು ಉಪಗ್ರಹ ತಿಳಿಸಬೇಕು. ತರ್ಕಶಾಸ್ತ್ರದಲ್ಲಿ ಇದು ಅನ್ಯೋನ್ಯಾಶ್ರಯ ದೋಷ. ಸಾಲಗಾಮೆ ರಸ್ತೆಯಲ್ಲಿ ಸರ್ಕಾರಿ ನೌಕರಿ.

ಇಷ್ಟೆಲ್ಲ ಆಗಿ, ಬಯಲಲ್ಲಿ ನಿಂತರೆ ಕೆಲವೇ ಮೀಟರಿನೊಳಗೆ ಸ್ಥಳ ಇತ್ಯರ್ಥ. ಮುಂದಿನ ದೋಷ ಯಂತ್ರದ್ದಲ್ಲ, ವಾರಸುದಾರನದು. ಒಂದು ದೃಷ್ಟಾಂತ: ಹೆಣ್ಣು ನೋಡಲು ಚನ್ನರಾಯಪಟ್ಟಣಕ್ಕೆ ಹೊರಟ ಗಂಡಿನ ಕಡೆಯವರು ಹಾಸನದ ಹೋಟೆಲೊಂದರಲ್ಲಿ ಎರಡನೇ ಕಾಫಿಗೆ ಹೇಳಿ, ಫೋನೆತ್ತಿ, ‘ಶಾಂತಿಗ್ರಾಮ ದಾಟಿದ್ವಿ, ಬಂದ್ಬಿಟ್ವಿ’ ಎಂದರು. ಹಿಂದೆ ಲೋಟ ತೊಳೆಯುವ ಸದ್ದು. ಅದು ಇಂಜಿನ್ನಿನದೆಂದು ಸಮಜಾಯಿಷಿ. ನಾಲ್ಕಲ್ಲ, ನಲವತ್ತು ಉಪಗ್ರಹ ಕೂಡಿದರೂ ಈ ಅಂತರ ತಿದ್ದಲಾರವು.

ಹುಡುಗಿ ಮಾತ್ರ ಶಾಸ್ತ್ರ ಬಲ್ಲವಳು. ಲೈವ್ ಲೊಕೇಶನ್ ಕಳಿಸಿ ಎಂದಳು. ಗಂಡಿನ ಬ್ಯಾಟರಿ ಆ ಕ್ಷಣವೇ ಮುಗಿಯಿತು.